ಗಲ್ಫ್‌ನಲ್ಲಿ ನಿವೃತ್ತಿ: ದುಡಿಮೆ ಮುಗಿದ ಮೇಲೆ ದಂಪತಿಗೆ ವೀಸಾ ಹೇಗೆ?

ಮಂಗಳೂರು: ಇಪ್ಪತ್ತೈದು, ಮೂವತ್ತು ವರ್ಷ ಗಲ್ಫ್ ರಾಷ್ಟ್ರದಲ್ಲಿ ದುಡಿದವರಿಗೆ ಕೊನೆಯ ಸಂಬಳದ ದಿನ ಸಂತಸಕ್ಕಿಂತ ಹೆಚ್ಚಾಗಿ ಚಿಂತೆಯನ್ನೇ ತರುವುದುಂಟು. ಬೆಳಿಗ್ಗೆ ಕಚೇರಿಗೆ ಹೋಗಬೇಕಿಲ್ಲ ಎಂಬುದು ನಿಜ. ಆದರೆ ನೌಕರಿಯ ಜತೆಗೆ ಆ ದೇಶದಲ್ಲಿ ವಾಸಿಸುವ ಹಕ್ಕೂ ಕೊನೆಗೊಳ್ಳುತ್ತದೆ. ಪತಿಯ ವೀಸಾ ರದ್ದಾದರೆ ಅದನ್ನೇ ಆಧರಿಸಿದ ಪತ್ನಿಯ ವೀಸಾ ಸಹ ಉಳಿಯುವುದಿಲ್ಲ.

ದಕ್ಷಿಣ ಕನ್ನಡ, ಉಡುಪಿ, ಉತ್ತರ ಕನ್ನಡ ಜಿಲ್ಲೆಗಳಲ್ಲಿ ಗಲ್ಫ್‌ನ ನಂಟಿಲ್ಲದ ಊರು ವಿರಳ. 2006ರಲ್ಲಿ ಮಂಗಳೂರಿನಿಂದ ದುಬೈಗೆ ನೇರ ವಿಮಾನ ಆರಂಭವಾದ ಬಳಿಕ ಈ ನಂಟು ಮತ್ತಷ್ಟು ಬಿಗಿಯಾಯಿತು. ಮಕ್ಕಳು ಅಲ್ಲಿಯೇ ಓದಿ, ಅಲ್ಲಿಯೇ ಉದ್ಯೋಗ ಹಿಡಿದಿರುವ ಕುಟುಂಬಗಳಲ್ಲಿ ಹಿರಿಯರು ಮಾತ್ರ ಊರಿಗೆ ಮರಳಬೇಕಾದ ಸ್ಥಿತಿ ಬಹುಕಾಲ ಇತ್ತು. 2018ರ ನಂತರ ಸಂಯುಕ್ತ ಅರಬ್ ಸಂಸ್ಥಾನ, ಅಂದರೆ ಯುಎಇ, ಈ ವಿಷಯದಲ್ಲಿ ನಿಯಮ ಸಡಿಲಿಸಿದೆ. ನಿವೃತ್ತರ ವೀಸಾ ಹಾಗೂ ಅವಲಂಬಿತ ಪತ್ನಿಯ ವೀಸಾ ಕುರಿತು ಓದುಗರು ತಿಳಿದಿರಬೇಕಾದ ಮುಖ್ಯಾಂಶಗಳನ್ನು ಇಲ್ಲಿ ನೀಡಲಾಗಿದೆ.

ನಿವೃತ್ತರ ವೀಸಾ ಎಂದರೇನು?

2018ರ ಸೆಪ್ಟೆಂಬರ್‌ನಲ್ಲಿ ಯುಎಇ ಸಚಿವ ಸಂಪುಟವು 55 ವರ್ಷ ಮೀರಿದ ವಿದೇಶಿ ನಿವೃತ್ತರಿಗೆ ಐದು ವರ್ಷಗಳ ವಾಸದ ಪರವಾನಗಿ ನೀಡುವ ನಿರ್ಧಾರ ಕೈಗೊಂಡಿತು. 2020ರ ಸೆಪ್ಟೆಂಬರ್‌ನಲ್ಲಿ ದುಬೈ ಆಡಳಿತವು ‘ರಿಟೈರ್ ಇನ್ ದುಬೈ’ ಎಂಬ ಹೆಸರಿನಲ್ಲಿ ಪ್ರತ್ಯೇಕ ಯೋಜನೆ ಪ್ರಕಟಿಸಿತು. ಷರತ್ತುಗಳನ್ನು ಪೂರೈಸುತ್ತಿದ್ದರೆ ಐದು ವರ್ಷಗಳ ಬಳಿಕ ಪರವಾನಗಿಯನ್ನು ನವೀಕರಿಸಬಹುದು. ಇದಕ್ಕೆ ಕಂಪನಿಯ ಪ್ರಾಯೋಜಕತ್ವ ಬೇಕಿಲ್ಲ. ನಿವೃತ್ತ ವ್ಯಕ್ತಿಯೇ ತನ್ನ ಸಂಗಾತಿಗೆ ಪ್ರಾಯೋಜಕನಾಗುತ್ತಾನೆ.

ಅರ್ಹತೆ ಎರಡು ಹಂತದ್ದು. ಮೊದಲನೆಯದು ವಯಸ್ಸು ಅಥವಾ ಸೇವೆ. ನಿವೃತ್ತಿಯ ವೇಳೆಗೆ 55 ವರ್ಷ ತುಂಬಿರಬೇಕು, ಇಲ್ಲವೇ ಯುಎಇಯ ಒಳಗೆ ಅಥವಾ ಹೊರಗೆ ಕನಿಷ್ಠ 15 ವರ್ಷ ದುಡಿದಿರಬೇಕು. ಎರಡನೆಯದು ಹಣಕಾಸು. ಕೆಳಗಿನ ಮೂರರಲ್ಲಿ ಒಂದನ್ನು ತೋರಿಸಿದರೆ ಸಾಕು.

* 10 ಲಕ್ಷ ದಿರ್ಹಂಗೆ ಕಡಿಮೆಯಿಲ್ಲದ ಉಳಿತಾಯ. ದುಬೈ ಯೋಜನೆಯಲ್ಲಿ ಇದು ಮೂರು ವರ್ಷಗಳ ನಿಶ್ಚಿತ ಠೇವಣಿಯಾಗಿರಬೇಕು.
* 10 ಲಕ್ಷ ದಿರ್ಹಂ ಬೆಲೆಯ ಸ್ವಂತ ಮನೆ ಅಥವಾ ಆಸ್ತಿ. 2018ರಲ್ಲಿ ಪ್ರಕಟಿಸಿದಾಗ ಈ ಮೊತ್ತ 20 ಲಕ್ಷ ದಿರ್ಹಂ ಆಗಿತ್ತು; ನಂತರ ತಗ್ಗಿಸಲಾಯಿತು.
* ತಿಂಗಳಿಗೆ 20,000 ದಿರ್ಹಂ ಖಾಯಂ ಆದಾಯ. ದುಬೈಯಲ್ಲಿ ಈ ಮಿತಿ 15,000 ದಿರ್ಹಂ. ಆರು ತಿಂಗಳ ಬ್ಯಾಂಕ್ ವಿವರಣೆಯನ್ನು ಆಧಾರವಾಗಿ ಕೊಡಬೇಕು.

ಠೇವಣಿ ಮತ್ತು ಆಸ್ತಿ ಎರಡನ್ನೂ ತಲಾ 5 ಲಕ್ಷ ದಿರ್ಹಂನಂತೆ ಸೇರಿಸಿ ತೋರಿಸುವ ಅವಕಾಶವೂ ದುಬೈಯಲ್ಲಿದೆ.

10 ಲಕ್ಷ ದಿರ್ಹಂ ಎಂದರೆ ಎರಡು ಕೋಟಿ ರೂಪಾಯಿಗೂ ಮಿಗಿಲು. ಆದ್ದರಿಂದ ಈ ಬಾಗಿಲು ಎಲ್ಲರಿಗೂ ತೆರೆದಿಲ್ಲ ಎಂಬುದನ್ನು ಮರೆಯುವಂತಿಲ್ಲ. ಯುಎಇಯಲ್ಲಿ ವಿದೇಶಿ ನೌಕರರಿಗೆ ಸರ್ಕಾರಿ ಪಿಂಚಣಿ ಇಲ್ಲ. ಸೇವಾಂತ್ಯದಲ್ಲಿ ದೊರೆಯುವುದು ಗ್ರಾಚ್ಯುಟಿ ಮಾತ್ರ. ಮೊದಲ ಐದು ವರ್ಷಕ್ಕೆ ವರ್ಷಕ್ಕೆ 21 ದಿನಗಳ ಮೂಲವೇತನ, ಆನಂತರದ ಪ್ರತಿ ವರ್ಷಕ್ಕೆ 30 ದಿನಗಳ ಮೂಲವೇತನ ಇದರ ಲೆಕ್ಕ. ಒಟ್ಟು ಮೊತ್ತ ಎರಡು ವರ್ಷಗಳ ವೇತನವನ್ನು ಮೀರುವಂತಿಲ್ಲ. ಸಾಮಾನ್ಯ ನೌಕರನೊಬ್ಬ ಗ್ರಾಚ್ಯುಟಿಯನ್ನಷ್ಟೇ ನಂಬಿ ನಿವೃತ್ತರ ವೀಸಾ ಪಡೆಯುವುದು ಕಷ್ಟಸಾಧ್ಯ. ಮೊದಲೇ ಯೋಜಿಸಿ ಕೂಡಿಟ್ಟವರಿಗೆ ಇದು ನಿಲುಕೀತು.

ಹಣ ಸಾಲದವರಿಗೆ ಇನ್ನೊಂದು ದಾರಿಯಿದೆ. ಅಲ್ಲಿ ಉದ್ಯೋಗದಲ್ಲಿರುವ ಮಗ ಅಥವಾ ಮಗಳು ತಂದೆ ತಾಯಿಗೆ ಪ್ರಾಯೋಜಕರಾಗಬಹುದು. ಆದರೆ ಇದಕ್ಕೆ ಸಂಬಳದ ಮಿತಿ ಪತ್ನಿಯನ್ನು ಕರೆಸಿಕೊಳ್ಳುವುದಕ್ಕಿಂತ ಬಹಳ ಹೆಚ್ಚು, ವೀಸಾ ಅವಧಿ ಒಂದು ವರ್ಷ ಮಾತ್ರ.

ಪತ್ನಿಯ ಅವಲಂಬಿತ ವೀಸಾ

ಉದ್ಯೋಗದಲ್ಲಿರುವ ಪತಿ ಪತ್ನಿಯನ್ನು ಕರೆಸಿಕೊಳ್ಳಲು ತಿಂಗಳಿಗೆ ಕನಿಷ್ಠ 4,000 ದಿರ್ಹಂ ಸಂಬಳ ಇರಬೇಕು. ಅಥವಾ 3,000 ದಿರ್ಹಂ ಸಂಬಳದ ಜತೆ ವಸತಿ ಇರಬೇಕು. 2019ರವರೆಗೆ ಹುದ್ದೆಯ ಹೆಸರು ಸಹ ಅಡ್ಡಿಯಾಗುತ್ತಿತ್ತು. ಆ ವರ್ಷ ಹುದ್ದೆಯ ಬದಲು ಆದಾಯವನ್ನೇ ಮಾನದಂಡವಾಗಿಸಲಾಯಿತು. ಉದ್ಯೋಗದಲ್ಲಿರುವ ಪತ್ನಿಯೂ ಪತಿಗೆ ಪ್ರಾಯೋಜಕಳಾಗಬಹುದು.

ಪ್ರಕ್ರಿಯೆ ಈ ಕ್ರಮದಲ್ಲಿ ಸಾಗುತ್ತದೆ.

1. ಪ್ರಾಯೋಜಕನು ಪ್ರವೇಶ ಪರವಾನಗಿಗೆ ಅರ್ಜಿ ಸಲ್ಲಿಸಬೇಕು. ದುಬೈಯಲ್ಲಿ ವಾಸ ಮತ್ತು ವಿದೇಶಿಯರ ವ್ಯವಹಾರಗಳ ನಿರ್ದೇಶನಾಲಯ, ಉಳಿದ ಎಮಿರೇಟ್‌ಗಳಲ್ಲಿ ಫೆಡರಲ್ ಪ್ರಾಧಿಕಾರ ಇದನ್ನು ನಿರ್ವಹಿಸುತ್ತದೆ.
2. ಪತ್ನಿ ದೇಶವನ್ನು ಪ್ರವೇಶಿಸಿದ 60 ದಿನಗಳೊಳಗೆ ವಾಸದ ವೀಸಾಕ್ಕೆ ಅರ್ಜಿ ಹಾಕಬೇಕು.
3. 18 ವರ್ಷ ತುಂಬಿದ ಎಲ್ಲರಿಗೂ ವೈದ್ಯಕೀಯ ತಪಾಸಣೆ ಕಡ್ಡಾಯ. ರಕ್ತ ಪರೀಕ್ಷೆ ಮತ್ತು ಎದೆಯ ಎಕ್ಸ್‌ರೇ ಇದರಲ್ಲಿ ಸೇರಿವೆ.
4. ಬೆರಳಚ್ಚು ನೀಡಿ ಎಮಿರೇಟ್ಸ್ ಐಡಿ ಪಡೆಯಬೇಕು. 2022ರಿಂದ ಪಾಸ್‌ಪೋರ್ಟ್ ಮೇಲೆ ವೀಸಾ ಚೀಟಿ ಅಂಟಿಸುವ ಪದ್ಧತಿ ನಿಂತಿದ್ದು, ಈ ಗುರುತಿನ ಚೀಟಿಯೇ ವಾಸದ ದಾಖಲೆ.
5. ಆರೋಗ್ಯ ವಿಮೆ ಇರಬೇಕು. ದುಬೈಯಲ್ಲಿ ಅವಲಂಬಿತರಿಗೆ ವಿಮೆ ಮಾಡಿಸುವ ಹೊಣೆ ಪ್ರಾಯೋಜಕನದು. ವಯಸ್ಸು ಹೆಚ್ಚಿದಂತೆ ಕಂತೂ ಏರುವುದರಿಂದ ನಿವೃತ್ತರು ಈ ಖರ್ಚನ್ನು ಮೊದಲೇ ಲೆಕ್ಕ ಹಾಕುವುದು ಒಳಿತು.

ಇವುಗಳ ಜತೆ ನೋಂದಾಯಿತ ಬಾಡಿಗೆ ಕರಾರು, ಸಂಬಳದ ಪತ್ರ, ಭಾವಚಿತ್ರ ಹಾಗೂ ವಿವಾಹ ಪ್ರಮಾಣಪತ್ರ ಬೇಕು. ಅವಲಂಬಿತ ವೀಸಾದಲ್ಲಿರುವ ಪತ್ನಿ ಉದ್ಯೋಗ ಮಾಡಬಾರದೆಂಬ ನಿಷೇಧವಿಲ್ಲ. ಆದರೆ ಉದ್ಯೋಗದಾತ ಸಂಸ್ಥೆಯು ಕಾರ್ಮಿಕ ಸಚಿವಾಲಯದಿಂದ ಆಕೆಯ ಹೆಸರಿನಲ್ಲಿ ಪ್ರತ್ಯೇಕ ಪರವಾನಗಿ ಪಡೆಯಬೇಕು. ಪತಿಯ ಪ್ರಾಯೋಜಕತ್ವ ಹಾಗೆಯೇ ಮುಂದುವರಿಯುತ್ತದೆ.

ಎಡವುವುದು ವಿವಾಹ ಪತ್ರದಲ್ಲಿ

ಈಗ ನಿವೃತ್ತಿಯ ವಯಸ್ಸಿನಲ್ಲಿರುವ ಅನೇಕ ದಂಪತಿ ತಮ್ಮ ಮದುವೆಯನ್ನು ನೋಂದಾಯಿಸಿಲ್ಲ. ಮದುವೆಯ ಕರೆಯೋಲೆ ಮತ್ತು ಆಲ್ಬಮ್ ಮನೆಯಲ್ಲಿರುತ್ತವೆ, ಸರ್ಕಾರಿ ಪ್ರಮಾಣಪತ್ರ ಇರುವುದಿಲ್ಲ. ಎಷ್ಟು ವರ್ಷ ಕಳೆದಿದ್ದರೂ ನೋಂದಣಿ ಮಾಡಿಸಿಕೊಳ್ಳಲು ಅವಕಾಶವಿದೆ. ಉಪ ನೋಂದಣಾಧಿಕಾರಿ ಕಚೇರಿಯಲ್ಲಿ ದಂಪತಿ ಸಾಕ್ಷಿಗಳೊಂದಿಗೆ ಹಾಜರಾಗಿ ಇದನ್ನು ಮುಗಿಸಬಹುದು. ಸಾಕ್ಷಿಯಾಗಬಲ್ಲ ಹಿರಿಯರು ಕಣ್ಮರೆಯಾಗುವ ಮುನ್ನವೇ, ರಜೆಯಲ್ಲಿ ಊರಿಗೆ ಬಂದಾಗ ಈ ಕೆಲಸ ಮಾಡಿಕೊಳ್ಳುವುದು ಜಾಣತನ.

ಪ್ರಮಾಣಪತ್ರ ಕೈಗೆ ಬಂದ ಮೇಲೂ ಅದನ್ನು ಹಂತ ಹಂತವಾಗಿ ದೃಢೀಕರಿಸಬೇಕು. ಮೊದಲು ರಾಜ್ಯ ಸರ್ಕಾರ, ಆಮೇಲೆ ಭಾರತದ ವಿದೇಶಾಂಗ ಸಚಿವಾಲಯ, ತದನಂತರ ಭಾರತದಲ್ಲಿರುವ ಯುಎಇ ರಾಯಭಾರ ಅಥವಾ ಕಾನ್ಸುಲೇಟ್ ಕಚೇರಿ, ಕೊನೆಗೆ ಯುಎಇಯ ವಿದೇಶಾಂಗ ಸಚಿವಾಲಯ. ಅರಬ್ಬೀ ಭಾಷೆಗೆ ಮಾನ್ಯತೆ ಪಡೆದ ಅನುವಾದಕರಿಂದ ತರ್ಜುಮೆಯೂ ಬೇಕಾಗುತ್ತದೆ. ಸಚಿವಾಲಯದ ಹಂತಕ್ಕೆ ದೆಹಲಿಗೇ ಹೋಗಬೇಕೆಂದಿಲ್ಲ, ಬೆಂಗಳೂರಿನಲ್ಲಿಯೂ ಈ ಸೇವೆ ಲಭ್ಯ.

ಹೆಸರಿನ ವ್ಯತ್ಯಾಸ ಇನ್ನೊಂದು ತೊಡಕು. ನಮ್ಮಲ್ಲಿ ಹಲವರ ಪಾಸ್‌ಪೋರ್ಟ್‌ನಲ್ಲಿ ಉಪನಾಮದ ಜಾಗ ಖಾಲಿಯಿರುತ್ತದೆ. ಒಂದೇ ಹೆಸರಿನ ಪಾಸ್‌ಪೋರ್ಟ್ ಹೊಂದಿದವರಿಗೆ ಭೇಟಿ ವೀಸಾದಲ್ಲಿ ಪ್ರವೇಶವಿಲ್ಲ ಎಂದು 2022ರ ನವೆಂಬರ್‌ನಲ್ಲಿ ಯುಎಇ ಸೂಚಿಸಿತ್ತು. ಎರಡನೇ ಪುಟದಲ್ಲಿ ತಂದೆಯ ಅಥವಾ ಕುಟುಂಬದ ಹೆಸರಿದ್ದರೆ ಸಾಕೆಂದು ಬಳಿಕ ಸ್ಪಷ್ಟಪಡಿಸಲಾಯಿತು. ಮೊದಲು ಪತ್ನಿಯನ್ನು ಭೇಟಿ ವೀಸಾದಲ್ಲಿ ಕರೆಸಿ, ಅಲ್ಲಿಂದ ಮುಂದುವರಿಯುವ ಯೋಚನೆಯಿದ್ದವರು ಇದನ್ನು ಗಮನಿಸಬೇಕು. ಪಾಸ್‌ಪೋರ್ಟ್, ವಿವಾಹ ಪತ್ರ ಮತ್ತು ಆಧಾರ್‌ಗಳಲ್ಲಿ ಹೆಸರು ಅಕ್ಷರಶಃ ಒಂದೇ ಆಗಿರುವಂತೆ ಮೊದಲೇ ತಿದ್ದಿಸಿಕೊಂಡರೆ ಅಲೆದಾಟ ತಪ್ಪುತ್ತದೆ.

ಪತಿ ಇಲ್ಲವಾದರೆ?

ಅವಲಂಬಿತ ವೀಸಾದ ಅತ್ಯಂತ ದುರ್ಬಲ ಕೊಂಡಿ ಇದೇ. ಪ್ರಾಯೋಜಕನ ವೀಸಾ ಮುಗಿದೊಡನೆ ಅವಲಂಬಿತೆಯ ವೀಸಾ ಸಹ ಆಧಾರ ಕಳೆದುಕೊಳ್ಳುತ್ತದೆ. ಹಿಂದೆ ಪತಿಯನ್ನು ಕಳೆದುಕೊಂಡ ಮಹಿಳೆ ದುಃಖದ ನಡುವೆಯೇ ಗಂಟುಮೂಟೆ ಕಟ್ಟಬೇಕಾಗುತ್ತಿತ್ತು. 2018ರ ಅಕ್ಟೋಬರ್‌ನಿಂದ ವಿಧವೆಯರಿಗೆ ಹಾಗೂ ವಿಚ್ಛೇದಿತರಿಗೆ, ಅವರ ಮಕ್ಕಳಿಗೆ ಪ್ರಾಯೋಜಕರಿಲ್ಲದೆ ಒಂದು ವರ್ಷ ವಾಸಿಸುವ ಅವಕಾಶ ಕಲ್ಪಿಸಲಾಯಿತು. ಘಟನೆ ನಡೆದಾಗ ಆಕೆ ಪತಿಯ ಪ್ರಾಯೋಜಕತ್ವದಲ್ಲಿ ಇರಬೇಕು ಎಂಬುದು ಷರತ್ತು. ಮಕ್ಕಳ ಶಾಲೆ, ಮನೆಯ ಕರಾರು, ಬ್ಯಾಂಕಿನ ಲೆಕ್ಕಾಚಾರ ಮುಗಿಸಿಕೊಳ್ಳಲು ಈ ಒಂದು ವರ್ಷ ದೊಡ್ಡ ಆಸರೆ.

ಈ ದೃಷ್ಟಿಯಿಂದ ಗೋಲ್ಡನ್ ವೀಸಾ ಹೆಚ್ಚು ಭದ್ರ. 20 ಲಕ್ಷ ದಿರ್ಹಂ ಆಸ್ತಿ ಉಳ್ಳವರಿಗೆ ಹತ್ತು ವರ್ಷಗಳ ಈ ವೀಸಾ ದೊರೆಯುತ್ತದೆ. ಮುಖ್ಯ ವೀಸಾದಾರ ತೀರಿಕೊಂಡರೂ ಕುಟುಂಬದವರು ತಮ್ಮ ಪರವಾನಗಿಯ ಅವಧಿ ಮುಗಿಯುವವರೆಗೆ ಅಲ್ಲಿಯೇ ಇರಬಹುದು. ಸಾಮಾನ್ಯ ವಾಸದ ಪರವಾನಗಿಯು ಆರು ತಿಂಗಳಿಗಿಂತ ಹೆಚ್ಚು ಕಾಲ ದೇಶದ ಹೊರಗಿದ್ದರೆ ರದ್ದಾಗುತ್ತದೆ. ಗೋಲ್ಡನ್ ವೀಸಾಕ್ಕೆ ಆ ಮಿತಿಯೂ ಇಲ್ಲ. ಮಳೆಗಾಲ ಕಳೆಯುವವರೆಗೆ ಊರಿನಲ್ಲಿದ್ದು ಹೋಗುವ ಹಿರಿಯರು ಈ ವ್ಯತ್ಯಾಸವನ್ನು ನೆನಪಿಡಬೇಕು.

ಆಸ್ತಿಯ ವಿಚಾರ ಹೇಳದೆ ಈ ಲೇಖನ ಮುಗಿಸುವಂತಿಲ್ಲ. ಖಾತೆದಾರರ ಮರಣದ ಬಳಿಕ ಯುಎಇಯ ಬ್ಯಾಂಕುಗಳು ಖಾತೆಯನ್ನು ತಡೆಹಿಡಿಯುವುದು ವಾಡಿಕೆ. ನ್ಯಾಯಾಲಯದ ಆದೇಶ ಬರುವವರೆಗೆ ಪತ್ನಿ ಬರಿಗೈಯಲ್ಲಿರಬೇಕಾದೀತು. ಮುಸ್ಲಿಮೇತರರು 2015ರಿಂದ ದುಬೈಯ ಡಿಐಎಫ್‌ಸಿ ಕೇಂದ್ರದಲ್ಲಿ ಉಯಿಲು ನೋಂದಾಯಿಸಬಹುದು. 2023ರ ಫೆಬ್ರುವರಿಯಲ್ಲಿ ಜಾರಿಗೆ ಬಂದ ಮುಸ್ಲಿಮೇತರರ ನಾಗರಿಕ ವೈಯಕ್ತಿಕ ಕಾನೂನಿನಂತೆ, ಉಯಿಲು ಇಲ್ಲದಿದ್ದರೆ ಅರ್ಧ ಪಾಲು ಪತಿ ಅಥವಾ ಪತ್ನಿಗೆ, ಉಳಿದರ್ಧ ಮಕ್ಕಳಿಗೆ ಸಮನಾಗಿ ಹಂಚಿಕೆಯಾಗುತ್ತದೆ. ಮುಸ್ಲಿಂ ಕುಟುಂಬಗಳಿಗೆ ಷರೀಅತ್ ನಿಯಮ ಅನ್ವಯ. ಪತ್ನಿಯ ಹೆಸರಿನಲ್ಲಿಯೇ ಪ್ರತ್ಯೇಕ ಖಾತೆ ತೆರೆದು ಆರು ತಿಂಗಳ ಖರ್ಚಿನಷ್ಟು ಹಣ ಇರಿಸುವುದು ಎಲ್ಲರಿಗೂ ಸಲ್ಲುವ ಸರಳ ಮುನ್ನೆಚ್ಚರಿಕೆ.

ಊರಿನ ಲೆಕ್ಕವನ್ನೂ ನೋಡಿ

* ಊರಿನಿಂದ ಹಣ ಕೊಂಡೊಯ್ಯುವ ನಿವಾಸಿ ಭಾರತೀಯರಿಗೆ ರಿಸರ್ವ್ ಬ್ಯಾಂಕಿನ ಉದಾರೀಕೃತ ಹಣ ರವಾನೆ ಯೋಜನೆಯಡಿ ಒಂದು ಆರ್ಥಿಕ ವರ್ಷದಲ್ಲಿ ತಲಾ 2,50,000 ಡಾಲರ್ ಮಿತಿ ಇದೆ. ಪತಿ, ಪತ್ನಿ ಇಬ್ಬರಿಗೂ ಪ್ರತ್ಯೇಕ ಮಿತಿ.
* ಅನಿವಾಸಿಗಳಾದ ಮೇಲೆ ಊರಿನ ಸಾಮಾನ್ಯ ಉಳಿತಾಯ ಖಾತೆಯನ್ನು ಎನ್‌ಆರ್‌ಒ ಖಾತೆಯಾಗಿ ಬದಲಿಸಬೇಕು. ಇದರಿಂದ ತೆರಿಗೆ ಪಾವತಿಯ ನಂತರ ವರ್ಷಕ್ಕೆ 10 ಲಕ್ಷ ಡಾಲರ್‌ವರೆಗೆ ಹೊರಗೆ ಕಳುಹಿಸಬಹುದು.
* ಭಾರತದಲ್ಲಿ ಪಿಂಚಣಿ ಪಡೆಯುವವರು ವರ್ಷಕ್ಕೊಮ್ಮೆ ಜೀವಿತ ಪ್ರಮಾಣಪತ್ರ ಸಲ್ಲಿಸಲು ಮರೆಯಬಾರದು. ಅಬುಧಾಬಿಯ ಭಾರತೀಯ ರಾಯಭಾರ ಕಚೇರಿ, ದುಬೈಯ ಕಾನ್ಸುಲೇಟ್‌ಗಳಲ್ಲಿ ಇದಕ್ಕೆ ಸೌಲಭ್ಯವಿದೆ.

ಅವಧಿ ಮೀರಬೇಡಿ

ವೀಸಾ ರದ್ದಾದ ಬಳಿಕ ದೇಶ ತೊರೆಯಲು ಅಥವಾ ಹೊಸ ವೀಸಾಕ್ಕೆ ಬದಲಾಯಿಸಿಕೊಳ್ಳಲು ಕಾಲಾವಕಾಶ ಸಿಗುತ್ತದೆ. ಹಿಂದೆ ಇದು 30 ದಿನ ಇತ್ತು. 2022ರ ಅಕ್ಟೋಬರ್‌ನ ಸುಧಾರಣೆಯ ನಂತರ ವೀಸಾದ ವರ್ಗಕ್ಕೆ ತಕ್ಕಂತೆ ಹೆಚ್ಚಿದೆ. ಅವಧಿ ಮೀರಿದರೆ ದಿನಕ್ಕೆ 50 ದಿರ್ಹಂ ದಂಡ, ಅದೂ ತಲಾ ಒಬ್ಬರಿಗೆ. ಪತಿ ಪತ್ನಿ ಇಬ್ಬರೂ ಒಂದು ತಿಂಗಳು ತಡಮಾಡಿದರೆ 3,000 ದಿರ್ಹಂ ತೆರಬೇಕಾಗುತ್ತದೆ.

ಆದ್ದರಿಂದ ನಿವೃತ್ತಿಯ ದಿನಾಂಕಕ್ಕೆ ಒಂದು ವರ್ಷ ಮೊದಲೇ ಸಿದ್ಧತೆ ಆರಂಭಿಸಬೇಕು. ಮೊದಲು ವಿವಾಹ ಪತ್ರ, ನಂತರ ಹೆಸರಿನ ತಿದ್ದುಪಡಿ, ಆಮೇಲೆ ಠೇವಣಿ ಅಥವಾ ಆಸ್ತಿಯ ದಾಖಲೆ, ಕೊನೆಗೆ ಅರ್ಜಿ ಎಂಬ ಕ್ರಮ ಅನುಸರಿಸಿದರೆ ಗೊಂದಲವಾಗದು. ಶುಲ್ಕ ಮತ್ತು ಮಿತಿಗಳನ್ನು ಅಲ್ಲಿನ ಸರ್ಕಾರ ಆಗಾಗ ಪರಿಷ್ಕರಿಸುವುದರಿಂದ ಅರ್ಜಿ ಹಾಕುವ ವಾರದಲ್ಲಿ ಅಧಿಕೃತ ಜಾಲತಾಣದಲ್ಲಿಯೇ ಖಚಿತಪಡಿಸಿಕೊಳ್ಳಿ. ಮಧ್ಯವರ್ತಿಯ ಬಾಯಿಮಾತನ್ನು ನಂಬಿ ಮುಂಗಡ ಕೊಡಬೇಡಿ.

ಜೀವಮಾನವಿಡೀ ಮನೆಗೆ ಹಣ ಕಳುಹಿಸಿದವರು ಕೊನೆಗಾಲದಲ್ಲಿ ಎಲ್ಲಿರಬೇಕು ಎಂಬುದನ್ನು ತಾವೇ ನಿರ್ಧರಿಸುವಂತಾಗಬೇಕು. ಆ ನಿರ್ಧಾರದಲ್ಲಿ ಪತ್ನಿಯೂ ಪಾಲುದಾರಳಾಗಿ, ಕಾಗದಪತ್ರಗಳು ಎಲ್ಲಿವೆ ಎಂಬುದು ಆಕೆಗೂ ತಿಳಿದಿರಲಿ. ಕಷ್ಟದ ದಿನ ಬಂದಾಗ ಕಚೇರಿಯ ಬಾಗಿಲಲ್ಲಿ ನಿಲ್ಲಬೇಕಾದವಳು ಆಕೆಯೇ.