ಬೈಪಾಸಿನ ಊರಿಗೆ ಸ್ಟಾರ್ ಬಂದ ಬಗೆ

ಹುಬ್ಬಳ್ಳಿ-ಧಾರವಾಡದ ಮನೆಗಳಲ್ಲಿ ಹೊಸ ಕಾರಿನ ಮಾತು ಎದ್ದಾಗ ಬಹುಕಾಲ ಕೇಳುತ್ತಿದ್ದುದು ಮೂರೇ ಪ್ರಶ್ನೆ: ಎವರೇಜ್ ಎಷ್ಟು ಕೊಡುತ್ತದೆ, ತಗಡು ಗಟ್ಟಿಯಿದೆಯೋ ಇಲ್ಲವೋ, ನಾಳೆ ಮಾರಿದರೆ ಎಷ್ಟು ಬಂದೀತು. ಈಚಿನ ಕೆಲವು ವರ್ಷಗಳಲ್ಲಿ ನಾಲ್ಕನೆಯದೊಂದು ಸೇರಿಕೊಂಡಿದೆ: ಎಷ್ಟು ಸ್ಟಾರ್? ಇದನ್ನು ಜಾಹೀರಾತು ಕಲಿಸಿದ ಶೋಕಿ ಎಂದು ತಳ್ಳಿಹಾಕುವವರಿದ್ದಾರೆ. ಕಾರನ್ನು ಗುದ್ದಿಸಿ ಸುರಕ್ಷತೆಗೆ ಸ್ಟಾರ್ ಕೊಡುವ, ಯುರೋಪಿನ ನುಣುಪು ರಸ್ತೆಗಳಿಗೆ ಹುಟ್ಟಿದ ಪರೀಕ್ಷೆ ನಮ್ಮ ರಸ್ತೆಗೆ ಏನು ಹೇಳೀತು ಎಂಬುದು ಅವರ ವಾದ. ಆದರೆ ಅವಳಿ ನಗರದ ರಸ್ತೆಯ ಚರಿತ್ರೆಯನ್ನೂ ಆ ಪರೀಕ್ಷೆಯ ಚರಿತ್ರೆಯನ್ನೂ ಅಕ್ಕಪಕ್ಕ ಇಟ್ಟು ನೋಡಿದರೆ ಬೇರೆಯೇ ಮಾತು ಕಾಣುತ್ತದೆ. ಆ ಪರೀಕ್ಷೆಯ ಡಿಕ್ಕಿ ಎಲ್ಲಿಂದಲೋ ತಂದದ್ದಲ್ಲ. ಗಬ್ಬೂರಿನಿಂದ ನರೇಂದ್ರದವರೆಗಿನ ಬೈಪಾಸ್ ರಸ್ತೆಯಲ್ಲಿ ಎರಡು ದಶಕ ಮತ್ತೆ ಮತ್ತೆ ನಡೆದ ಡಿಕ್ಕಿಯೇ ಅದು. ಸ್ಟಾರ್ ಎಷ್ಟೆಂದು ಕೇಳುವ ಅಗತ್ಯ ಈ ಊರಿನವರಿಗೆ ಎಂದೋ ಇತ್ತು. ಉತ್ತರ ಮಾತ್ರ ತಡವಾಗಿ ಬಂತು.

ಮೊದಲು ತಗಡಿನ ಮಾತು. ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿಗಳ ಕಾಲದಲ್ಲಿ ಧಾರವಾಡದಿಂದ ಹುಬ್ಬಳ್ಳಿಗೆ ಇದ್ದ ದಾರಿ ನವಲೂರು, ರಾಯಾಪುರ, ನವನಗರ, ಉಣಕಲ್ ಹಾದು ಬರುವ ಪಿ.ಬಿ. ರೋಡ್, ಅಂದರೆ ಹಳೆಯ ಪುಣೆ-ಬೆಂಗಳೂರು ರಸ್ತೆ. ಇಪ್ಪತ್ತು ಕಿಲೋಮೀಟರಿನ ಆ ದಾರಿಯಲ್ಲಿ ಸೈಕಲ್ಲು, ಚಕ್ಕಡಿ, ಬಸ್ಸು, ಲಾರಿ ಎಲ್ಲವೂ ಒಂದೇ ಪಟ್ಟಿಯ ಮೇಲೆ ಓಡುತ್ತಿದ್ದವು. ಯಾವುದಕ್ಕೂ ದೊಡ್ಡ ವೇಗವಿರಲಿಲ್ಲ. ತಾಗಿದರೆ ಮಡ್‌ಗಾರ್ಡ್ ನೆಗ್ಗುತ್ತಿತ್ತು, ಬಂಪರ್ ಬಾಗುತ್ತಿತ್ತು. ಅಂಥ ರಸ್ತೆಯಲ್ಲಿ ದಪ್ಪ ತಗಡನ್ನೇ ಸುರಕ್ಷತೆಯ ಅಳತೆಯಾಗಿ ಹಿಡಿದವರನ್ನು ತಿಳಿವಳಿಕೆ ಇಲ್ಲದವರು ಎನ್ನಲಾಗದು. ಅವರ ಅನುಭವ ಹೇಳಿದ್ದೇ ಅದು. 1983ರ ಡಿಸೆಂಬರ್‌ನಲ್ಲಿ ಮಾರುತಿ 800 ಬಂದಾಗ ಬೆರಳಿನಿಂದ ಬಾನೆಟ್ ಬಡಿದು ‘ಡಬ್ಬಿ’ ಎಂದವರು ಅದೇ ಅಳತೆಗೋಲು ಹಿಡಿದಿದ್ದರು. ತೊಂದರೆಯೇನೆಂದರೆ ರಸ್ತೆ ಬದಲಾದ ಮೇಲೂ ಅಳತೆಗೋಲು ಬದಲಾಗಲಿಲ್ಲ. ಮುಂಭಾಗ ಮಡಿಚಿಕೊಂಡು ಡಿಕ್ಕಿಯ ಹೊಡೆತವನ್ನು ನುಂಗಬೇಕು, ಜನ ಕೂರುವ ಭಾಗ ಮಾತ್ರ ಅಲುಗದೆ ನಿಲ್ಲಬೇಕು ಎಂಬ ತತ್ತ್ವವನ್ನು ಮರ್ಸಿಡಿಸ್ ಕಂಪನಿಯ ಎಂಜಿನಿಯರ್ ಬೆಲಾ ಬರೆನಿ 1950ರ ದಶಕದ ಆರಂಭದಲ್ಲೇ ಕಂಡುಕೊಂಡಿದ್ದ. ತಗಡು ಎಲ್ಲೂ ಮಡಿಯದಿದ್ದರೆ ಆ ಹೊಡೆತ ಒಳಗೆ ಕೂತವರ ಎದೆಗೂ ಕುತ್ತಿಗೆಗೂ ಹೋಗುತ್ತದೆ. ಇದರಲ್ಲಿ ಸಂಶಯವಿದ್ದವರಿಗೆ 2009ರಲ್ಲಿ ಅಮೆರಿಕದ ವಿಮಾ ಕಂಪನಿಗಳ ಹೆದ್ದಾರಿ ಸುರಕ್ಷತಾ ಸಂಸ್ಥೆ ಕಣ್ಣಾರೆ ತೋರಿಸಿತು. 1959ರ ಭಾರಿ ಷೆವರ್ಲೆ ಬೆಲ್ ಏರ್ ಕಾರನ್ನೂ 2009ರ ಮ್ಯಾಲಿಬು ಕಾರನ್ನೂ ಗಂಟೆಗೆ 64 ಕಿ.ಮೀ. ವೇಗದಲ್ಲಿ ಎದುರುಬದುರು ಗುದ್ದಿಸಿದಾಗ ಹಳೆಯ ಕಾರಿನ ಚಾಲಕನ ಜಾಗವೇ ಕುಸಿದುಹೋಯಿತು. ಹೊಸದರಲ್ಲಿದ್ದ ಬೊಂಬೆಯ ಅಳತೆಗಳು ಕಾಲಿಗೆ ಪೆಟ್ಟಾಗಿ ಜೀವ ಉಳಿಯುವ ಮಟ್ಟದಲ್ಲಿದ್ದವು.

ಇನ್ನು ರಸ್ತೆ. ಎರಡು ಸಾವಿರದ ಇಸವಿಯ ಆಸುಪಾಸಿನಲ್ಲಿ ಗಬ್ಬೂರು ಮತ್ತು ನರೇಂದ್ರದ ನಡುವೆ ಸುಮಾರು 30 ಕಿಲೋಮೀಟರಿನ ಬೈಪಾಸ್ ಬಳಕೆಗೆ ಬಂತು. ಖಾಸಗಿಯವರು ಕಟ್ಟಿ ಟೋಲ್ ಎತ್ತುವ ಪದ್ಧತಿಗೆ ದೇಶದಲ್ಲೇ ಮೊದಮೊದಲ ಉದಾಹರಣೆಗಳಲ್ಲಿ ಅದೂ ಒಂದು. ಊರೊಳಗಿನ ಲಾರಿಗಳ ಕಾಟ ತಪ್ಪಿತು, ನಿಜ. ಆದರೆ ರಸ್ತೆ ಎರಡೇ ಪಥದ್ದಾಗಿತ್ತು, ನಡುವೆ ವಿಭಜಕವಿರಲಿಲ್ಲ. ಕೆಲವೇ ವರ್ಷಗಳಲ್ಲಿ ಸುವರ್ಣ ಚತುಷ್ಪಥದ ಕೆಲಸ ಮುಗಿದು ಪುಣೆ-ಬೆಂಗಳೂರು ಹೆದ್ದಾರಿ ಈ ತುಂಡಿನ ಎರಡೂ ತುದಿಗಳಲ್ಲಿ ಅಗಲವಾಯಿತು. ನಡುವಿನ ಬೈಪಾಸ್ ಹಾಗೇ ಉಳಿಯಿತು. ನೂರಾರು ಕಿಲೋಮೀಟರ್ ನಾಲ್ಕು ಪಥದ ರಸ್ತೆಯಲ್ಲಿ ಬಂದ ಚಾಲಕ ಅದೇ ವೇಗದ ರೂಢಿಯಲ್ಲಿ ಇದರೊಳಗೆ ನುಗ್ಗುತ್ತಿದ್ದ, ಮುಂದೆ ತೆವಳುವ ಲಾರಿಯನ್ನು ಹಿಂದೆ ಹಾಕಲು ಬಲಕ್ಕೆ ಹೊರಳುತ್ತಿದ್ದ, ಎದುರಿನಿಂದ ಇನ್ನೊಂದು ಗಾಡಿ ಬರುತ್ತಿತ್ತು. ಹುಬ್ಬಳ್ಳಿಯೋ ಸಾಗಣೆಯ ಊರು, ಲಾರಿಗಳ ದೊಡ್ಡ ಉದ್ಯಮಗಳು ಬೆಳೆದ ಊರು. ಬೈಪಾಸಿನಲ್ಲಿ ಭಾರದ ವಾಹನಕ್ಕೆ ಬಿಡುವೆಂಬುದೇ ಇಲ್ಲ. 2021ರ ಜನವರಿ 15ರ ಬೆಳಗ್ಗೆ ದಾವಣಗೆರೆಯಿಂದ ಗೋವಾಕ್ಕೆ ಹೊರಟಿದ್ದ ಗೆಳತಿಯರ ಮಿನಿಬಸ್ಸು ಇಟಿಗಟ್ಟಿ ಬಳಿ ಟಿಪ್ಪರ್‌ಗೆ ಮುಖಾಮುಖಿಯಾಗಿ ಅಂದೇ ಕನಿಷ್ಠ 11 ಜೀವಗಳು ಹೋದವು. ಆಮೇಲೆ ಎದ್ದ ದುಃಖ ಮತ್ತು ಸಿಟ್ಟಿನಿಂದಲೇ ಆರು ಪಥದ ಮಾತಿಗೆ ಜೀವ ಬಂತು. 2022ರ ಫೆಬ್ರುವರಿಯಲ್ಲಿ ಶಂಕುಸ್ಥಾಪನೆಯಾಯಿತು.

ಎರಡು ಪಥದ ರಸ್ತೆಯಲ್ಲಿ ಓವರ್‌ಟೇಕ್ ಮಾಡುವಾಗ ಆಗುವ ಡಿಕ್ಕಿಗೆ ಒಂದು ಆಕಾರವಿದೆ. ಇಬ್ಬರೂ ಕೊನೆಯ ಗಳಿಗೆಯಲ್ಲಿ ತಮ್ಮ ತಮ್ಮ ಎಡಕ್ಕೆ ಎಳೆದುಕೊಳ್ಳುತ್ತಾರೆ. ಹಾಗಾಗಿ ಕಾರಿನ ಮುಂಭಾಗ ಪೂರ್ತಿ ತಾಗದೆ ಬಲಗಡೆ, ಅಂದರೆ ಚಾಲಕನ ಕಡೆ ಮಾತ್ರ ತಾಗುತ್ತದೆ. ಇಡೀ ಮುಂಭಾಗ ಹಂಚಿಕೊಳ್ಳಬೇಕಾದ ಹೊಡೆತವನ್ನು ಅರ್ಧವೇ ಹೊರಬೇಕಾಗುವುದರಿಂದ ಈ ಡಿಕ್ಕಿ ಹೆಚ್ಚು ಕ್ರೂರ. ಕಾರುಗಳಿಗೆ ಸ್ಟಾರ್ ಕೊಡುವ ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆಯ ಪರೀಕ್ಷೆಯಲ್ಲಿ ಮಾಡುವುದು ಇದನ್ನೇ: ಕಾರಿನ ಅಗಲದ ಶೇ 40ರಷ್ಟು ಭಾಗ, ಚಾಲಕನ ಕಡೆಯಿಂದ, ಮಡಿಯುವ ಅಲ್ಯೂಮಿನಿಯಂ ತಡೆಗೋಡೆಗೆ ಗಂಟೆಗೆ 64 ಕಿ.ಮೀ. ವೇಗದಲ್ಲಿ ತಾಗಬೇಕು. ತಡೆಗೋಡೆ ಮಡಿಯುವುದೇಕೆಂದರೆ ಎದುರಿನದೂ ಒಂದು ವಾಹನವೇ ಎಂದು ಎಣಿಸಿರುವುದರಿಂದ. ಇದನ್ನು ಪರದೇಶದ ಪರೀಕ್ಷೆ ಎನ್ನುವವರು ಬೈಪಾಸಿನ ಬದಿಯ ಸತ್ತೂರು, ಇಟಿಗಟ್ಟಿ, ತಾರಿಹಾಳದ ಹೆಸರುಗಳನ್ನು ಒಮ್ಮೆ ನೆನೆಯಬೇಕು.

ಕಾರು ಗುದ್ದಿಸಿ ನೋಡುವ ಪರೀಕ್ಷೆಗೆ ಅಮೆರಿಕದ ಸರ್ಕಾರ 1970ರ ದಶಕದ ಕೊನೆಯಲ್ಲೇ ತೊಡಗಿತ್ತು. ಯುರೋಪಿನಲ್ಲಿ ಮೊದಲ ಫಲಿತಾಂಶಗಳು 1997ರಲ್ಲಿ ಬಂದಾಗ ಕಾರು ಕಂಪನಿಗಳು, ಇಷ್ಟು ಕಠಿಣ ಅಳತೆಯಲ್ಲಿ ನಾಲ್ಕು ಸ್ಟಾರ್ ಯಾರಿಗೂ ಸಾಧ್ಯವಿಲ್ಲ ಎಂದವು. ಅದೇ ವರ್ಷ ವೋಲ್ವೊ ಎಸ್40 ಅದನ್ನು ಪಡೆಯಿತು, 2001ರಲ್ಲಿ ರೆನೊ ಲಗುನಾ ಐದನ್ನೂ ಪಡೆಯಿತು. ಆ ಕಥೆ ನಮ್ಮಲ್ಲಿ ಮರುಕಳಿಸಿದ್ದು ಗ್ಲೋಬಲ್ ಎನ್‌ಕ್ಯಾಪ್‌ನ ಫಲಿತಾಂಶಗಳು ಬಂದ 2014ರ ಜನವರಿಯಲ್ಲಿ. ಮಾರುತಿ ಆಲ್ಟೊ 800, ಟಾಟಾ ನ್ಯಾನೊ, ಹ್ಯುಂಡೈ ಐ10, ಫೋರ್ಡ್ ಫಿಗೊ, ಫೋಕ್ಸ್‌ವ್ಯಾಗನ್ ಪೋಲೊ, ಈ ಐದರ ಏರ್‌ಬ್ಯಾಗ್ ಇಲ್ಲದ ಮಾದರಿಗಳಿಗೆ ದೊಡ್ಡವರ ರಕ್ಷಣೆಯಲ್ಲಿ ಸಿಕ್ಕಿದ್ದು ಸೊನ್ನೆ. ನಿಯಮದಲ್ಲಿ ಎಲ್ಲೂ 64 ಕಿ.ಮೀ. ಎಂದಿಲ್ಲ ಎಂಬ ಉತ್ತರ ಕಾರು ಉದ್ಯಮದಿಂದ ಬಂತು. ನಿಜವಾಗಿ ಆಗ ಭಾರತದ ನಿಯಮದಲ್ಲಿ ಇಂಥ ಅರೆಡಿಕ್ಕಿಯ ಪರೀಕ್ಷೆಯೇ ಇರಲಿಲ್ಲ. ಹೊಸ ಮಾದರಿಗಳಿಗೆ ಅದು 2017ರ ಅಕ್ಟೋಬರ್‌ನಲ್ಲಿ, ಎಲ್ಲ ಕಾರುಗಳಿಗೆ 2019ರ ಅಕ್ಟೋಬರ್‌ನಲ್ಲಿ ಕಡ್ಡಾಯವಾಯಿತು. ವೇಗ 56 ಕಿ.ಮೀ. ಎಂಟು ಕಿಲೋಮೀಟರ್ ದೊಡ್ಡ ಅಂತರವೇ ಎಂದು ಕೇಳಬಹುದು. ಹೊಡೆತದ ಶಕ್ತಿ ವೇಗದ ವರ್ಗಕ್ಕೆ ತಕ್ಕಂತೆ ಏರುವುದರಿಂದ 56ಕ್ಕಿಂತ 64ರಲ್ಲಿ ಅದು ಶೇ 30ಕ್ಕೂ ಹೆಚ್ಚು. ಬೈಪಾಸ್ ಬಳಕೆಗೆ ಬಂದ ದಿನದಿಂದ ಆ ನಿಯಮ ಬರುವವರೆಗಿನ ಹದಿನೇಳು-ಹದಿನೆಂಟು ವರ್ಷ ಅವಳಿ ನಗರದ ಮನೆಯವರು ಕೊಂಡ ಬಹುಪಾಲು ಸಣ್ಣ ಕಾರುಗಳನ್ನು, ಅವು ದಿನಾ ಓಡುವ ರಸ್ತೆಯ ಡಿಕ್ಕಿಗೆ ಹೊಂದುವ ರೀತಿಯಲ್ಲಿ ಪರೀಕ್ಷಿಸಲು ಕಾನೂನು ಕೇಳಿರಲಿಲ್ಲ. ಕೊಳ್ಳುವವರ ಅಜಾಗರೂಕತೆಯೆಂದು ಇದನ್ನು ಹೇಳುವುದು ಅನ್ಯಾಯ. ಕೇಳಿದ್ದರೂ ಉತ್ತರ ಎಲ್ಲಿತ್ತು?

ಉತ್ತರ ಬಂದದ್ದು ಆಮೇಲೆ. 2018ರ ಡಿಸೆಂಬರ್‌ನಲ್ಲಿ ಟಾಟಾ ನೆಕ್ಸಾನ್ ಗ್ಲೋಬಲ್ ಎನ್‌ಕ್ಯಾಪ್‌ನಲ್ಲಿ ಐದು ಸ್ಟಾರ್ ಪಡೆದ ಭಾರತದ ಮೊದಲ ಕಾರಾಯಿತು. 2023ರ ಅಕ್ಟೋಬರ್ 1ರಿಂದ ಭಾರತ್ ಎನ್‌ಕ್ಯಾಪ್ ಜಾರಿಗೆ ಬಂದು ದೇಶದೊಳಗೇ ಸ್ಟಾರ್ ಕೊಡುವ ವ್ಯವಸ್ಥೆ ಆಯಿತು. ಆದರೂ ಶೋರೂಮಿನ ಗಾಜಿಗೆ ಅಂಟಿಸಿದ ಸಂಖ್ಯೆ ಒಂದೇ ಸಾಲದು. 2018ರ ನೆಕ್ಸಾನ್‌ನ ಐದು ಸ್ಟಾರ್ ದೊಡ್ಡವರ ರಕ್ಷಣೆಗೆ; ಮಕ್ಕಳ ರಕ್ಷಣೆಗೆ ಅದಕ್ಕೆ ಸಿಕ್ಕಿದ್ದು ಮೂರು. ಕುಟುಂಬದ ಕಾರೆಂದು ಕೊಳ್ಳುವವರು ಎರಡನೆಯ ಸಂಖ್ಯೆಯನ್ನು ಮೊದಲು ನೋಡಬೇಕು ಎಂಬುದು ನನ್ನ ನಿಲುವು. ಪರೀಕ್ಷೆಯ ವರ್ಷವೂ ಮುಖ್ಯ: ಗ್ಲೋಬಲ್ ಎನ್‌ಕ್ಯಾಪ್ 2022ರಲ್ಲಿ ಪಕ್ಕದ ಡಿಕ್ಕಿಯನ್ನೂ ಅಂಕಕ್ಕೆ ಸೇರಿಸಿ ನಿಯಮ ಬಿಗಿಗೊಳಿಸಿತು, ಹಾಗಾಗಿ ಅದಕ್ಕೆ ಹಿಂದಿನ ಐದೂ ಮುಂದಿನ ಐದೂ ಒಂದೇ ಅಲ್ಲ. ಭಾರತ್ ಎನ್‌ಕ್ಯಾಪ್‌ನಲ್ಲಿ ದೊಡ್ಡವರಿಗೆ 32ರಲ್ಲಿ 27, ಮಕ್ಕಳಿಗೆ 49ರಲ್ಲಿ 41 ಅಂಕ ಬಂದರೆ ಐದು ಸ್ಟಾರ್; 27ಕ್ಕೂ 31ಕ್ಕೂ ಇರುವ ಅಂತರ ಸ್ಟಾರಿನಲ್ಲಿ ಕಾಣುವುದಿಲ್ಲ, ವರದಿಯಲ್ಲಿ ಕಾಣುತ್ತದೆ. ಬೊಂಬೆಗಳಿಗೆ ಯಾವಾಗಲೂ ಬೆಲ್ಟ್ ಹಾಕಿರುತ್ತಾರೆ ಎಂಬುದನ್ನೂ ಮರೆಯಬಾರದು. ಹಿಂದಿನ ಸೀಟಿನಲ್ಲಿ ಬೆಲ್ಟ್ ಹಾಕದೆ ಕೂತ ಅಜ್ಜಿಗೂ ತೊಡೆಯ ಮೇಲಿನ ಮಗುವಿಗೂ ಆ ಅಂಕಗಳು ಲೆಕ್ಕಕ್ಕೇ ಬರುವುದಿಲ್ಲ.

ಇಲ್ಲೊಂದು ಗಟ್ಟಿಯಾದ ಆಕ್ಷೇಪವಿದೆ. 2024ರ ಡಿಸೆಂಬರ್ 21ರಂದು ನೆಲಮಂಗಲದ ಬಳಿ ಕಂಟೇನರ್ ಲಾರಿ ಮಗುಚಿಬಿದ್ದು ವೋಲ್ವೊ ಕಾರಿನಲ್ಲಿದ್ದ ಒಂದೇ ಕುಟುಂಬದ ಆರು ಜನ ಸತ್ತರು. ಸುರಕ್ಷತೆಗೆ ಹೆಸರಾದ ಕಾರಿಗೇ ಹೀಗಾದರೆ ಸ್ಟಾರ್ ಕಟ್ಟಿಕೊಂಡು ಏನು ಮಾಡುವುದು ಎಂಬ ಮಾತು ಆಗ ಎಲ್ಲೆಡೆ ಕೇಳಿತು. ಆ ಪ್ರಶ್ನೆಯ ಹಿಂದಿನ ನೋವು ದೊಡ್ಡದು, ಆದರೆ ತರ್ಕ ಸರಿಯಲ್ಲ. ಹತ್ತಾರು ಟನ್ ಮೇಲಿನಿಂದ ಬೀಳುವುದನ್ನು ಯಾವ ಪರೀಕ್ಷೆಯೂ ಅಳೆಯುವುದಿಲ್ಲ, ಅಳೆಯುತ್ತೇನೆಂದು ಹೇಳುವುದೂ ಇಲ್ಲ. ನಿಂತ ಗೋಡೆಗೆ ಗುದ್ದುವ ಕಾರು ತನ್ನ ತೂಕದ ಹೊಡೆತವನ್ನಷ್ಟೇ ಎದುರಿಸುತ್ತದೆ, ಅಂದರೆ ಹೆಚ್ಚುಕಡಿಮೆ ತನ್ನಷ್ಟೇ ತೂಕದ ಇನ್ನೊಂದು ಕಾರಿನ ಹೊಡೆತವನ್ನು. ಲಾರಿಯೆದುರು ಐದು ಸ್ಟಾರ್ ಒಂದಿಷ್ಟು ಅವಕಾಶವನ್ನು ಹೆಚ್ಚಿಸೀತು, ಭರವಸೆ ಕೊಡಲಾರದು. ಅದೇ ಕಾರಣಕ್ಕೆ ಸಣ್ಣ ಕಾರಿನ ಐದನ್ನು ದೊಡ್ಡ ಕಾರಿನ ಐದಕ್ಕೆ ಹೋಲಿಸುವುದೂ ತಪ್ಪು. ಮಳೆಯಲ್ಲಿ ಕೊಡೆ ಹಿಡಿದರೂ ಕಾಲು ನೆನೆಯುತ್ತದೆಂದು ಕೊಡೆಯನ್ನೇ ಬಿಡುವವರು ಯಾರೂ ಇಲ್ಲ.

ರಸ್ತೆ ಆರು ಪಥವಾಗಿ ನಡುವೆ ವಿಭಜಕ ಬಂದ ಮೇಲೆ ಮುಖಾಮುಖಿ ಡಿಕ್ಕಿಯೇ ತಪ್ಪುತ್ತದಲ್ಲ, ಆಗ ಈ ಪರೀಕ್ಷೆಯ ಅರ್ಥವೇನು ಎಂಬುದು ಇನ್ನೊಂದು ಆಕ್ಷೇಪ. ಬೈಪಾಸಿನಿಂದ ಇಳಿದು ಕಲಘಟಗಿ, ನವಲಗುಂದ, ಹಳಿಯಾಳದ ಕಡೆ ಹೊರಳಿದರೆ ಎದುರಿನ ವಾಹನ ಮತ್ತೆ ಎದುರಿಗೇ ಬರುತ್ತದೆ. ಹಬ್ಬಕ್ಕೆ, ಜಾತ್ರೆಗೆ, ಮದುವೆಗೆ ಅವಳಿ ನಗರದ ಕಾರು ಹೋಗುವುದು ಆ ರಸ್ತೆಗಳಲ್ಲೇ.

ಈ ವಾದಕ್ಕೆ ನಾನೇ ಎತ್ತಬೇಕಾದ ಆಕ್ಷೇಪವೂ ಒಂದಿದೆ. ಇಟಿಗಟ್ಟಿಯಲ್ಲಿ ಸತ್ತವರು ಸ್ವಂತ ಕಾರಿನಲ್ಲಿರಲಿಲ್ಲ. 2022ರ ಮೇ ತಿಂಗಳಲ್ಲಿ ಧಾರವಾಡ ತಾಲ್ಲೂಕಿನ ಬಾಡ ಗ್ರಾಮದ ಬಳಿ ಮರಕ್ಕೆ ಗುದ್ದಿ ಮಕ್ಕಳೂ ಸೇರಿ ಹಲವರ ಜೀವ ಹೋದದ್ದು ಮದುವೆಯ ಸಂಭ್ರಮಕ್ಕೆ ಹೋಗಿದ್ದವರ ಕ್ರೂಸರ್ ವಾಹನದಲ್ಲಿ. ಭಾರತ್ ಎನ್‌ಕ್ಯಾಪ್ ಅನ್ವಯವಾಗುವುದು ಚಾಲಕನನ್ನು ಬಿಟ್ಟು ಎಂಟು ಆಸನದವರೆಗಿನ, 3.5 ಟನ್ ಮೀರದ ವಾಹನಗಳಿಗೆ ಮಾತ್ರ, ಅದೂ ಕಂಪನಿ ತಾನಾಗಿ ಮುಂದೆ ಬಂದರೆ. ಮಂದಿ ಮದುವೆಗೆ ಬಾಡಿಗೆ ಹಿಡಿಯುವ ಹತ್ತು-ಹನ್ನೆರಡು ಸೀಟಿನ ಗಾಡಿಗೂ ಟೆಂಪೊ ಟ್ರಾವೆಲರ್‌ಗೂ ಸ್ಟಾರ್ ಎಂಬುದೇ ಇಲ್ಲ. ಧಾರವಾಡದ ಹೊರವಲಯದಲ್ಲೇ, ಬೇಲೂರು ಕೈಗಾರಿಕಾ ಪ್ರದೇಶದಲ್ಲಿ, ಹಿಂದೆ ಟಾಟಾ ಮಾರ್ಕೊಪೋಲೊ ಎಂಬ ಹೆಸರಿದ್ದ ಟಾಟಾ ಕಾರ್ಖಾನೆಯಿಂದ ಬಸ್ಸುಗಳು ಹೊರಬರುತ್ತವೆ. ಬಸ್ಸಿನ ಬಾಡಿ ಹೇಗಿರಬೇಕೆಂಬ ನಿಯಮಗಳು ಇವೆ, ಆದರೆ ಸಾಮಾನ್ಯ ಪ್ರಯಾಣಿಕ ಎರಡು ಬಸ್ಸುಗಳನ್ನು ಹೋಲಿಸಿ ನೋಡಬಹುದಾದ ಅಂಕಪಟ್ಟಿ ಯಾವುದೂ ಇಲ್ಲ. ಎಷ್ಟು ಸ್ಟಾರ್ ಎಂದು ಕಾರಿನ ಶೋರೂಮಿನಲ್ಲಿ ಕೇಳಲು ಕಲಿತ ಮನೆಯವರೇ ನಾಳೆ ಮದುವೆಗೆ ಕ್ರೂಸರ್ ಗೊತ್ತುಮಾಡುವಾಗಲೂ ಅದನ್ನೇ ಕೇಳಬೇಕು. ಗಾಡಿಯ ಮಾಲೀಕನ ಬಳಿ ಇಂದು ಅದಕ್ಕೆ ಉತ್ತರವಿಲ್ಲ, 2014ಕ್ಕೆ ಮೊದಲು ಕಾರು ಮಾರುವವರ ಬಳಿ ಇಲ್ಲದಿದ್ದ ಹಾಗೆ.