ಪವಿತ್ರ ಪ್ರಕರಣ: ನಾನೇ ಟೈಪ್ ಮಾಡಿದ ಹಿಂಬಡ್ತಿ ಪಟ್ಟಿ



ಏಪ್ರಿಲ್ 14ರ ಕಾರ್ಯಕ್ರಮ ಮುಗಿಸಿ ಟೀ ಕುಡೀತಾ ಇದ್ದಾಗ ಡಿಗ್ರಿ ಓದೋ ತಮ್ಮನೊಬ್ಬ ಕೇಳಿದ, "ಅಣ್ಣಾ, ಸುಪ್ರೀಂ ಕೋರ್ಟು ನಮ್ಮ ಪರನಾ, ವಿರುದ್ಧನಾ? ಒಂದೇ ಮಾತಲ್ಲಿ ಹೇಳಣ್ಣ." ಒಂದೇ ಮಾತಲ್ಲಿ ಹೇಳೋಕೆ ನನಗೆ ಆಗಲಿಲ್ಲ. ಅದಕ್ಕೇ ಈ ಉದ್ದದ ಪೋಸ್ಟು. ಪುರುಸೊತ್ತು ಮಾಡ್ಕೊಂಡು ಓದಿ.

ಕಥೆ ನಮ್ಮ ಕರ್ನಾಟಕದ್ದೇ. 1978ರ ಏಪ್ರಿಲ್ 27ರ ಆದೇಶದಿಂದ ನಮ್ಮ ರಾಜ್ಯದ ನೌಕರಿಯಲ್ಲಿ ಬಡ್ತಿಗೂ ಮೀಸಲಾತಿ ಬಂತು. ಪರಿಶಿಷ್ಟ ಜಾತಿಗೆ ಶೇ. 15, ಪಂಗಡಕ್ಕೆ ಶೇ. 3. ಆದರೆ 1992ರಲ್ಲಿ ಇಂದ್ರಾ ಸಾಹ್ನಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಬಡ್ತಿಯಲ್ಲಿ ಮೀಸಲಾತಿ ಇಲ್ಲ ಅಂದಿತು. 1995ರಲ್ಲಿ ಸಂಸತ್ತು ಸಂವಿಧಾನಕ್ಕೇ ತಿದ್ದುಪಡಿ ತಂದು ಅದನ್ನು ಉಳಿಸಿತು. ಆಮೇಲೆ ಕೋರ್ಟು, ಬಡ್ತಿ ಸರಿ, ಆದರೆ ಹಿಂದೆ ಉಳಿದಿದ್ದ ಸಾಮಾನ್ಯ ವರ್ಗದ ಹಿರಿಯ ತಡವಾಗಿ ಬಡ್ತಿ ಪಡೆದು ಬಂದರೂ ಜ್ಯೇಷ್ಠತೆಯಲ್ಲಿ ಅವನೇ ಮೇಲೆ ಅಂದಿತು. 2001ರಲ್ಲಿ ಮತ್ತೆ ತಿದ್ದುಪಡಿ. ಇದು ಹೊಸದೇನಲ್ಲ ಬಿಡಿ. 1951ರಲ್ಲಿ ಚಂಪಕಂ ದೊರೈರಾಜನ್ ಪ್ರಕರಣದಲ್ಲಿ ಮದ್ರಾಸಿನ ಕಾಲೇಜು ಸೀಟಿನ ಮೀಸಲಾತಿ ಬಿದ್ದಾಗಲೂ ಇದೇ ಆಗಿತ್ತು. ಆಗ ಬಾಬಾಸಾಹೇಬರೇ ಕಾನೂನು ಮಂತ್ರಿ. ಅದೇ ವರ್ಷ ಸಂವಿಧಾನಕ್ಕೆ ಮೊದಲ ತಿದ್ದುಪಡಿ ಬಂತು.

2006ರ ನಾಗರಾಜ್ ತೀರ್ಪಿನಲ್ಲಿ ಐದು ನ್ಯಾಯಮೂರ್ತಿಗಳ ಪೀಠ ಈ ತಿದ್ದುಪಡಿಗಳನ್ನು ಎತ್ತಿ ಹಿಡಿಯಿತು. ಆದರೆ ಒಂದು ಷರತ್ತು ಹಾಕಿತು. ಬಡ್ತಿಯಲ್ಲಿ ಮೀಸಲಾತಿ ಕೊಡೋ ಸರ್ಕಾರ ಇವರು ಹಿಂದುಳಿದಿದ್ದಾರೆ, ಇವರ ಪ್ರಾತಿನಿಧ್ಯ ಸಾಲದು, ಆಡಳಿತದ ದಕ್ಷತೆಗೆ ಧಕ್ಕೆ ಇಲ್ಲ ಅಂತ ಅಂಕಿಅಂಶ ಇಟ್ಟು ತೋರಿಸಬೇಕು.

ನಮ್ಮ ಸರ್ಕಾರದವರು ಲೆಕ್ಕ ಮಾಡಿದ್ರಾ? ಇಲ್ಲ. ಹತ್ತು ವರ್ಷ ಕೂತಿದ್ದರು. ಎಲ್ಲಾ ಪಕ್ಷದವರೂ ಆಳಿದರು, ಯಾರ ಕಾಲದಲ್ಲೂ ಎಣಿಸಲಿಲ್ಲ. 2017ರ ಫೆಬ್ರವರಿ 9ರಂದು ಬಿ.ಕೆ. ಪವಿತ್ರ ಪ್ರಕರಣದಲ್ಲಿ ನ್ಯಾಯಮೂರ್ತಿ ಗೋಯಲ್ ಮತ್ತು ನ್ಯಾಯಮೂರ್ತಿ ಲಲಿತ್ ಅವರ ಪೀಠ ಕರ್ನಾಟಕದ 2002ರ ಜ್ಯೇಷ್ಠತಾ ಕಾಯ್ದೆಯ ಮುಖ್ಯ ಕಲಂಗಳನ್ನು ರದ್ದು ಮಾಡಿ, ಮೂರು ತಿಂಗಳಲ್ಲಿ ಪಟ್ಟಿ ಪರಿಷ್ಕರಿಸಿ ಅಂದಿತು.

ಆಗ ನಾನಿದ್ದ ಕಚೇರಿಯ ಹೆಸರು ಬೇಡ. ನನಗೆ ಕಡತ ಬರೆಯೋದು ಕಲಿಸಿದ ಹಿರಿಯರೊಬ್ಬರು ಅಲ್ಲಿ ಅಧೀಕ್ಷಕರಾಗಿದ್ದರು, ನಮ್ಮವರೇ. ಪರಿಷ್ಕೃತ ಪಟ್ಟಿಯ ಕಡತ ನನ್ನ ಟೇಬಲ್ಲಿಗೇ ಬಂತು. ಅವರ ಕ್ರಮಸಂಖ್ಯೆ ಕೆಳಗಿಳಿಸಿ ಟೈಪ್ ಮಾಡಿದವನು ನಾನೇ. ಮುಂದಿನ ವರ್ಷ ಹಿಂಬಡ್ತಿ ಆದೇಶ ಬಂತು. ಅವರು ತಮ್ಮ ಡ್ರಾಯರಿನ ಕೀ, ಸೀಲು ನನ್ನ ಕೈಗೆ ಕೊಟ್ಟು ಪ್ರಥಮ ದರ್ಜೆ ಸಹಾಯಕರ ಸಾಲಿನಲ್ಲಿ ಬಂದು ಕೂತರು. ಮಾತಿಲ್ಲ. ಆ ಕಡೆಯ ಟೇಬಲ್ಲಿನಿಂದ ಒಬ್ಬರು, "ಕೋರ್ಟೇ ಹೇಳಿದ ಮೇಲೆ ಇನ್ನೇನು" ಅಂದರು. ಕಚೇರಿಯಲ್ಲಿ ಬೈಗುಳ ಕೇಳಿದ್ದೀನಿ, ಲೋಟ ಬೇರೆ ಇಟ್ಟಿದ್ದನ್ನೂ ನೋಡಿದ್ದೀನಿ. ಅದಕ್ಕೆಲ್ಲ ಉತ್ತರ ಇತ್ತು. ಈ ಮಾತಿಗೆ ನನ್ನ ಹತ್ರ ಉತ್ತರ ಇರಲಿಲ್ಲ.

2018ರ ಮಾರ್ಚ್ 20ರಂದು ಅದೇ ಇಬ್ಬರು ನ್ಯಾಯಮೂರ್ತಿಗಳ ಪೀಠ ದೌರ್ಜನ್ಯ ತಡೆ ಕಾಯ್ದೆಯಡಿ ಬಂಧನಕ್ಕೆ ಮೊದಲು ಅನುಮತಿ ಬೇಕು, ಪ್ರಾಥಮಿಕ ವಿಚಾರಣೆ ಮಾಡಬಹುದು ಅಂತ ಹೇಳಿತು. ಏಪ್ರಿಲ್ 2ರ ಭಾರತ್ ಬಂದ್ ನಿಮಗೆಲ್ಲ ನೆನಪಿದೆ. ಉತ್ತರದಲ್ಲಿ ನಮ್ಮ ಹುಡುಗರು ಪ್ರಾಣ ಕಳ್ಕೊಂಡರು. ಆಗಸ್ಟಿನಲ್ಲಿ ಸಂಸತ್ತು ಕಾಯ್ದೆ ತಿದ್ದಿತು. 2019ರ ಅಕ್ಟೋಬರ್ 1ರಂದು ಮೂರು ನ್ಯಾಯಮೂರ್ತಿಗಳ ಪೀಠ ಆ ನಿರ್ದೇಶನಗಳನ್ನು ವಾಪಸ್ ಪಡೆಯಿತು. ಆ ಮೂವರಲ್ಲಿ ಬಿ.ಆರ್. ಗವಾಯಿ ಒಬ್ಬರು.

ಒಂದು ವಿಷಯ ಗಮನಿಸಿ. 2010ರಲ್ಲಿ ಕೆ.ಜಿ. ಬಾಲಕೃಷ್ಣನ್ ನಿವೃತ್ತರಾದ ಮೇಲೆ 2019ರ ಮೇ ತಿಂಗಳಲ್ಲಿ ಗವಾಯಿ ಬರೋವರೆಗೆ ಇಡೀ ಸುಪ್ರೀಂ ಕೋರ್ಟಿನಲ್ಲಿ ಒಬ್ಬೇ ಒಬ್ಬ ದಲಿತ ನ್ಯಾಯಮೂರ್ತಿ ಇರಲಿಲ್ಲ. ಒಂಬತ್ತು ವರ್ಷ! ನಮ್ಮ ಪ್ರಾತಿನಿಧ್ಯ ಸಾಲದು ಅನ್ನೋದಕ್ಕೆ ಅಂಕಿಅಂಶ ಕೇಳಿದ್ದು ಅದೇ ಕೋರ್ಟು.

ಹಾಗಂತ ನಮ್ಮವರು ಕೂತರೆ ಮಾತ್ರ ನ್ಯಾಯ ಅಂತ ನಾನು ಹೇಳಲ್ಲ. ಪವಿತ್ರ ತೀರ್ಪಾದ ಮೇಲೆ ಸರ್ಕಾರಕ್ಕೆ ಎಚ್ಚರ ಆಯ್ತು. ಸಂಘಟನೆಗಳು, ನೌಕರರು ಬೆನ್ನು ಬಿದ್ದರು. ರತ್ನಪ್ರಭಾ ಸಮಿತಿ 31 ಇಲಾಖೆಗಳ ಲೆಕ್ಕ ತೆಗೆದು 2017ರ ಮೇನಲ್ಲಿ ವರದಿ ಕೊಟ್ಟಿತು. ಎ, ಬಿ, ಸಿ ವೃಂದಗಳಲ್ಲಿ ನಮ್ಮವರು ಕಡಿಮೆ, ಡಿ ವೃಂದದಲ್ಲಿ ಮಾತ್ರ ಹೆಚ್ಚು. ಡಿ ವೃಂದ ಅಂದ್ರೆ ಯಾವ ಕೆಲಸ ಅಂತ ನಮಗೆ ಬಿಡಿಸಿ ಹೇಳಬೇಕಾ? ಆ ವರದಿಯ ಮೇಲೆ ಹೊಸ ಕಾಯ್ದೆ ಬಂತು, 2018ರ ಜೂನ್‌ನಲ್ಲಿ ರಾಷ್ಟ್ರಪತಿ ಅಂಕಿತ ಬಿತ್ತು. ಮತ್ತೆ ಕೋರ್ಟು, ಮತ್ತೆ ಪವಿತ್ರ. 2019ರ ಮೇ 10ರಂದು ನ್ಯಾಯಮೂರ್ತಿ ಲಲಿತ್ ಮತ್ತು ನ್ಯಾಯಮೂರ್ತಿ ಚಂದ್ರಚೂಡ್ ಅವರ ಪೀಠ ಆ ಕಾಯ್ದೆಯನ್ನು ಎತ್ತಿ ಹಿಡಿಯಿತು. ತೀರ್ಪು ಬರೆದವರು ಚಂದ್ರಚೂಡ್. ದಕ್ಷತೆ ಅಂದ್ರೆ ಅಂಕಪಟ್ಟಿ ಅಲ್ಲ, ಎಲ್ಲರನ್ನೂ ಒಳಗೊಂಡ ಆಡಳಿತವೇ ದಕ್ಷ ಆಡಳಿತ ಅನ್ನೋದು ಅದರ ಸಾರ. ಲಲಿತ್ ಅವರು ಎರಡೂ ಪೀಠದಲ್ಲಿದ್ದರು. ಎರಡು ವರ್ಷದಲ್ಲಿ ಬದಲಾಗಿದ್ದೇನು? ಕಡತದಲ್ಲಿ ನಮ್ಮ ಲೆಕ್ಕ ಇತ್ತು, ಅಷ್ಟೇ.

ನಮ್ಮ ಆ ಹಿರಿಯರು ಅಷ್ಟರಲ್ಲಿ ನಿವೃತ್ತರಾಗಿದ್ದರು. ತೀರ್ಪಿನ ಸುದ್ದಿ ಹೇಳೋಕೆ ಫೋನ್ ಮಾಡಿದೆ. "ಓದಿದೆ ಕಣಪ್ಪ" ಅಂದರು. ಆಮೇಲೆ ಪಿಂಚಣಿ ಕಾಗದದಲ್ಲಿ ಯಾವ ಹುದ್ದೆ ಹಾಕಿದ್ದಾರೆ ನೋಡಿ ಹೇಳು ಅಂದರು.

ತಮ್ಮಾ, ನಿನ್ನ ಪ್ರಶ್ನೆಗೆ ನನ್ನ ಹತ್ರ ಇರೋದು ಇಷ್ಟೇ. ನೌಕರಿಯಲ್ಲಿರೋರಿಗೆ ಒಂದು ವಿನಂತಿ. 10 ರೂಪಾಯಿ ಶುಲ್ಕ ಕಟ್ಟಿ ಮಾಹಿತಿ ಹಕ್ಕಿನಲ್ಲಿ ನಿಮ್ಮ ಇಲಾಖೆಯ ವೃಂದವಾರು ಮಂಜೂರಾದ ಹುದ್ದೆ, ಭರ್ತಿಯಾದ ಹುದ್ದೆ, ಅದರಲ್ಲಿ ನಮ್ಮವರೆಷ್ಟು, ಬ್ಯಾಕ್‌ಲಾಗ್ ಎಷ್ಟು ಅಂತ ಕೇಳಿ. ಅರ್ಜಿ ನಮೂನೆ ಬೇಕಾದವರು ಇನ್‌ಬಾಕ್ಸಿಗೆ ಬನ್ನಿ, ಕಳಿಸ್ತೀನಿ. ಬಂದ ಉತ್ತರದ ಒಂದು ಜೆರಾಕ್ಸ್ ನನಗೂ ಇರಲಿ.