ಬೆಳ್ವೊಲದ ಮೇಲೆ ಚೋಳರ ದಂಡಯಾತ್ರೆ: ಅಣ್ಣಿಗೆರೆಯ ಬಸದಿ ಸುಟ್ಟ ಕಾಲ

ಗದಗ ಪ್ರಾಂತದ ಗಾವರವಾಡದಲ್ಲಿಯೂ ಅಣ್ಣಿಗೆರೆಯಲ್ಲಿಯೂ ದೊರೆತ ಎರಡು ಜೈನಶಾಸನಗಳು ಕರ್ನಾಟಕದ ಜೈನಧರ್ಮದ ಇತಿಹಾಸದಲ್ಲಿ ವಿಶೇಷ ಮಹತ್ತ್ವವುಳ್ಳವು. ಇವುಗಳ ಕಾಲ ಕ್ರಮವಾಗಿ ಶಕ 993 ಮತ್ತು 994, ಎಂದರೆ ಕ್ರಿ.ಶ. 1071-73. ಆಗ ಕಲ್ಯಾಣದ ಸಿಂಹಾಸನದಲ್ಲಿದ್ದವನು ಭುವನೈಕಮಲ್ಲ ಇಮ್ಮಡಿ ಸೋಮೇಶ್ವರ. ಎಲ್. ಡಿ. ಬಾರ್ನೆಟ್ ಅವರು ಇವೆರಡನ್ನೂ ಒಟ್ಟಿಗೆ ಎಪಿಗ್ರಾಫಿಯಾ ಇಂಡಿಕಾದ 15ನೆಯ ಸಂಪುಟದಲ್ಲಿ ಪ್ರಕಟಿಸಿದರು. ಗಂಗ ಪೆರ್ಮಾಡಿಯು ಬೆಳ್ವೊಲ ನಾಡಿನಲ್ಲಿ ಕಟ್ಟಿಸಿದ್ದ ಜಿನಾಲಯಗಳನ್ನು ಚೋಳನು ಸುಟ್ಟನು, ಆ ಪಾಪದ ಫಲವಾಗಿ ಯುದ್ಧರಂಗದಲ್ಲಿ ಆಹವಮಲ್ಲ ಸೋಮೇಶ್ವರನಿಗೆ ತನ್ನ ತಲೆಯನ್ನೊಪ್ಪಿಸಿದನು ಎಂಬುದು ಶಾಸನದ ಹೇಳಿಕೆ. ಅನಂತರ ಬೆಳ್ವೊಲ 300 ಮತ್ತು ಪುಲಿಗೆರೆ 300ನ್ನು ಆಳುತ್ತಿದ್ದ ಮಹಾಮಂಡಲೇಶ್ವರ ಲಕ್ಷ್ಮರಸನು ಅಣ್ಣಿಗೆರೆಯ ಬಸದಿಯನ್ನು ಜೀರ್ಣೋದ್ಧಾರಗೊಳಿಸಿ, ತ್ರಿಭುವನಚಂದ್ರ ಮುನಿಗಳಿಗೆ ದತ್ತಿಯನ್ನು ಬಿಟ್ಟನು.

ದತ್ತಿಗೆ ಶಕವರ್ಷವಿದೆ, ಸುಟ್ಟ ಘಟನೆಗಿಲ್ಲ. ಅದನ್ನು ನಿರ್ಧರಿಸುವುದು ವ್ಯರ್ಥ ಕುತೂಹಲವಲ್ಲ. ಬೆಳ್ವೊಲ ಮತ್ತು ಪುಲಿಗೆರೆಗಳು ಜೈನ ಆಚಾರ್ಯಪರಂಪರೆಗಳ ತವರು. ಅಲ್ಲಿಯ ಒಂದು ದೊಡ್ಡ ಬಸದಿ ಬೆಂಕಿಗೆ ತುತ್ತಾದ ವರ್ಷ ಗೊತ್ತಾದರೆ, ಆ ನಾಡಿನ ಗುರುಪರಂಪರೆಯಲ್ಲಿ ಕಾಣುವ ಬಿರುಕುಗಳನ್ನು ಯಾವ ಕಾಲದಲ್ಲಿ ಅರಸಬೇಕೆಂಬುದು ತಿಳಿಯುತ್ತದೆ.

ಚೋಳ ಸೈನ್ಯವು ಕನ್ನಡ ನಾಡಿಗೆ ನುಗ್ಗಿದ್ದು ಒಂದೇ ಸಲವಲ್ಲ. ಶಕ 929ರ (ಕ್ರಿ.ಶ. 1007-08) ಹೊಟ್ಟೂರು ಶಾಸನವು ಇರಿವಬೆಡಂಗ ಸತ್ಯಾಶ್ರಯನ ಕಾಲದಲ್ಲಿ ಚೋಳನು ಒಂಬತ್ತು ಲಕ್ಷ ಸೈನ್ಯದೊಡನೆ ದೋನೂರಿನವರೆಗೆ ಬಂದು, ನಾಡನ್ನೆಲ್ಲ ಕೊಳ್ಳೆಹೊಡೆದು, ಸ್ತ್ರೀಯರನ್ನೂ ಮಕ್ಕಳನ್ನೂ ಬ್ರಾಹ್ಮಣರನ್ನೂ ಕೊಂದನೆಂದು ದೂರುತ್ತದೆ. ಒಂಬತ್ತು ಲಕ್ಷವೆಂಬ ಸಂಖ್ಯೆಯನ್ನು ಯಾರೂ ಅಕ್ಷರಶಃ ನಂಬಬೇಕಾಗಿಲ್ಲ. ಅದೇ 1007ರಲ್ಲಿ ಲಕ್ಕುಂಡಿಯಲ್ಲಿ ಅತ್ತಿಮಬ್ಬೆಯು ಜಿನಾಲಯಕ್ಕೆ ದತ್ತಿಯನ್ನು ಬಿಡುತ್ತಿದ್ದಳೆಂಬುದನ್ನೂ ಇಲ್ಲಿ ನೆನೆಯಬೇಕು. ಕಲ್ಲಿನಲ್ಲಿ ಕಾಣುವಷ್ಟು ಸರ್ವನಾಶ ನೆಲದ ಮೇಲೆ ಆಗಿರಲಾರದು. ಮುಂದೆ ಒಂದನೆಯ ರಾಜಾಧಿರಾಜನು ಕಂಪಿಲಿಯ ಅರಮನೆಯನ್ನು ಕೆಡಹಿದನು, ಕಲ್ಯಾಣವನ್ನೇ ಸುಟ್ಟನು. ಕಲ್ಯಾಣಪುರವನ್ನು ಸುಟ್ಟು ತಂದುದೆಂದು ತಮಿಳು ಲಿಪಿಯಲ್ಲಿ ಬರೆಯಿಸಿದ ಚಾಲುಕ್ಯ ದ್ವಾರಪಾಲಕ ವಿಗ್ರಹವು ತಂಜಾವೂರು ಸೀಮೆಯಲ್ಲಿ ಉಳಿದುಬಂದಿದೆ. ಕೊನೆಯದು ಕೊಪ್ಪಂ ಯುದ್ಧ.

ಗಾವರವಾಡದ ಶಾಸನದಿಂದ ಈ ಮೂರರಲ್ಲಿ ಒಂದು ತಾನಾಗಿಯೇ ಬಿದ್ದುಹೋಗುತ್ತದೆ. ಬಸದಿಯನ್ನು ಸುಟ್ಟವನೂ ಆಹವಮಲ್ಲನೊಡನೆ ಕಾದಿ ಮಡಿದವನೂ ಒಬ್ಬನೇ ಎಂದು ಅದು ಹೇಳುವುದರಿಂದ 1007ರ ದಾಳಿಗೆ ಇಲ್ಲಿ ಎಡೆಯಿಲ್ಲ. ಆ ಕಾಲದ ಚೋಳರಾಜರಲ್ಲಿ ಹೀಗೆ ಮಡಿದವನು ರಾಜಾಧಿರಾಜನು ಮಾತ್ರ. ಚೋಳರ ಮುಂದಿನ ಶಾಸನಗಳೇ ಅವನನ್ನು ‘ಆನೆಯ ಮೇಲೆ ಮಡಿದ ದೇವ’ನೆಂದು ಕರೆಯುತ್ತವೆ. ಸೋಲನ್ನು ಬಾಯಿಬಿಟ್ಟು ಹೇಳದ ವಂಶವು ಉಪಾಧಿಯೊಂದರಲ್ಲಿ ಸಾವನ್ನು ಒಪ್ಪಿಕೊಂಡಿತು.

ಈಗ ಕೊಪ್ಪಂ ಯುದ್ಧದ ವರ್ಷ. ರಾಜಾಧಿರಾಜನ ತಮ್ಮ ಇಮ್ಮಡಿ ರಾಜೇಂದ್ರನು ರಣರಂಗದಲ್ಲಿಯೇ ಪಟ್ಟವೇರಿದನೆಂಬ ಪ್ರಸಿದ್ಧಿಯಿದೆ. ಕೀಲ್‌ಹಾರ್ನರ ಗಣನೆಯಂತೆ ಅವನ ಆಳ್ವಿಕೆಯ ವರ್ಷಗಳು 1052ರ ಮೇ ತಿಂಗಳಿನಿಂದ ಮೊದಲಾಗುತ್ತವೆ. ಎರಡನ್ನೂ ಸೇರಿಸಿದರೆ ಯುದ್ಧ ನಡೆದುದು 1052ರಲ್ಲಿ ಎಂದಾಗುತ್ತದೆ. ಆದರೆ 1018ರಲ್ಲಿ ಆರಂಭವಾಗುವ ರಾಜಾಧಿರಾಜನ ಆಳ್ವಿಕೆಗೆ 36ನೆಯ ವರ್ಷದ ಶಾಸನಗಳಿವೆ. ಅವು 1053-54ಕ್ಕೆ ಬರುತ್ತವೆ. ಸತ್ತ ಅರಸನ ಹೆಸರಿನಲ್ಲಿ ಎರಡು ವರ್ಷ ಶಾಸನಗಳು ಹೊರಡುವುದು ಸಂಭವವಲ್ಲ. ಚೋಳರಲ್ಲಿ ಅರಸನು ಬದುಕಿದ್ದಾಗಲೇ ಉತ್ತರಾಧಿಕಾರಿಯನ್ನು ಆಳ್ವಿಕೆಯಲ್ಲಿ ಸೇರಿಸಿಕೊಂಡು ಅವನ ವರ್ಷಗಳನ್ನು ಎಣಿಸುವ ರೂಢಿಯಿತ್ತು. ರಾಜಾಧಿರಾಜನೇ ತಂದೆಯೊಡನೆ ದೀರ್ಘಕಾಲ ಹಾಗೆ ಆಳಿದವನು. ಆದುದರಿಂದ 1052ನ್ನು ರಾಜೇಂದ್ರನ ಯೌವರಾಜ್ಯದ ವರ್ಷವೆಂದೂ 1054ನ್ನು ಯುದ್ಧದ ವರ್ಷವೆಂದೂ ಹಿಡಿಯುವುದೇ ಯುಕ್ತ. ನೀಲಕಂಠ ಶಾಸ್ತ್ರಿಗಳ ಕಾಲಗಣನೆಯೂ ಇದೇ ದಿಕ್ಕಿನದು.

ಬಸದಿ ಸುಟ್ಟದ್ದು ಈ ದಂಡಯಾತ್ರೆಯಲ್ಲಿಯೋ, ಅದಕ್ಕೆ ಸುಮಾರು ಹತ್ತು ವರ್ಷ ಹಿಂದಿನ ಕಲ್ಯಾಣದ ದಾಳಿಯಲ್ಲಿಯೋ ಎಂಬುದು ಉಳಿದ ಪ್ರಶ್ನೆ. ಇಲ್ಲಿ ನೆರವಿಗೆ ಬರುವುದು ಶತ್ರುಪಕ್ಷದ ಸಾಕ್ಷ್ಯವೇ. ರಾಜೇಂದ್ರನ 4ನೆಯ ಆಳ್ವಿಕೆಯ ವರ್ಷದ ಮಣಿಮಂಗಲಂ ಶಾಸನದಂತೆ, ಚೋಳನು ರಟ್ಟಮಂಡಲವನ್ನು ಹೊಕ್ಕು ಹಲವು ನಾಡುಗಳನ್ನೂ ಊರುಗಳನ್ನೂ ಹಾಳುಮಾಡಿದನೆಂಬ ಸುದ್ದಿಯನ್ನು ಕೇಳಿ, ಇದು ತನಗೆ ಅವಮಾನವೆಂದು ಕೆರಳಿದ ಆಹವಮಲ್ಲನು ಕೊಪ್ಪಂಗೆ ನಡೆದು ಯುದ್ಧಕ್ಕೆ ನಿಂತನು. ಅಂದರೆ ಮೊದಲು ಊರುಗಳ ನಾಶ, ಅನಂತರ ಯುದ್ಧ. ಗಾವರವಾಡದ ಶಾಸನದ ಕ್ರಮವೂ ಇದೇ. ಒಂದು ಕಲ್ಲು ಬಸದಿಗಳ ಮಾತೆತ್ತುವುದಿಲ್ಲ. ಇನ್ನೊಂದು ರಾಜೇಂದ್ರನು ಕೊಲ್ಲಾಪುರದಲ್ಲಿ ನೆಡಿಸಿದನೆಂಬ ಜಯಸ್ತಂಭದ ಮಾತೆತ್ತುವುದಿಲ್ಲ. ಪರಸ್ಪರ ವೈರಿಗಳಾದ ಎರಡು ಕಡೆಯವರು ಘಟನೆಗಳ ಅನುಕ್ರಮದಲ್ಲಿ ಒಂದಾದಾಗ ಆ ಅನುಕ್ರಮವನ್ನು ನಂಬಬಹುದು.

ಇದಕ್ಕೊಂದು ಆಕ್ಷೇಪವಿದೆ. ಕೊಪ್ಪಂ ಎಂಬುದು ಜೈನರ ಮಹಾತೀರ್ಥವಾದ ಕೊಪಣ, ಈಗಿನ ಕೊಪ್ಪಳ, ಎಂದು ಹಲವರು ಹೇಳಿದ್ದಾರೆ. ಹಾಗಾದರೆ ಮೂಡಣಿಂದ ಬಂದ ಚೋಳನು ಕೊಪ್ಪಳದಲ್ಲಿಯೇ ಮಡಿದ ಮೇಲೆ, ಅದರ ಪಶ್ಚಿಮಕ್ಕೆ ದೂರದಲ್ಲಿರುವ ಅಣ್ಣಿಗೆರೆಯನ್ನು ಸುಡಲು ಅವನಿಗೆ ಅವಕಾಶವೆಲ್ಲಿ? ಅವನು ತುಂಗಭದ್ರೆಯನ್ನು ದಾಟಿ, ಈಗಿನ ಮುಂಡರಗಿ, ಹಿರೇವಡ್ಡಟ್ಟಿ, ಡಂಬಳಗಳ ಎರೆಭೂಮಿಯ ಮೇಲೆ ಬೆಳ್ವೊಲವನ್ನು ಹೊಕ್ಕು ಹಿಂದಿರುಗುವಾಗ ಕೊಪ್ಪಳದಲ್ಲಿ ಸಿಕ್ಕಿಬಿದ್ದನೆಂದು ಊಹಿಸಬೇಕಾಗುತ್ತದೆ. ಆದರೆ ಮಣಿಮಂಗಲಂ ಶಾಸನದಲ್ಲಿ ಹಿಂದಿರುಗುವ ಸೈನ್ಯದ ಸುಳಿವಿಲ್ಲ. ಮೇಲಾಗಿ ತಮಿಳು ಶಾಸನಗಳು ಕೊಪ್ಪಂ ‘ಪೇರಾಱು’ ಎಂಬ ಮಹಾನದಿಯ ದಡದಲ್ಲಿತ್ತೆನ್ನುತ್ತವೆ. ಕೊಪ್ಪಳದ ಬಳಿಯ ಹಿರೇಹಳ್ಳವನ್ನು ಮಹಾನದಿಯೆನ್ನುವುದು ಕಷ್ಟ. ತುಂಗಭದ್ರೆಯೋ ಊರಿನಿಂದ ದೂರ. ಫ್ಲೀಟರು ಸೂಚಿಸಿದ ಕೃಷ್ಣಾತೀರದ ಖಿದ್ರಾಪುರಕ್ಕೆ ಮಹಾನದಿಯೂ ಇದೆ, ಕೊಪ್ಪೇಶ್ವರನ ಹೆಸರೂ ಇದೆ, ಕೊಲ್ಲಾಪುರದ ಸಾಮೀಪ್ಯವೂ ಇದೆ. ದಕ್ಷಿಣದಿಂದ ಅಲ್ಲಿಗೆ ಸಾಗುವ ಸೈನ್ಯಕ್ಕೆ ಬೆಳ್ವೊಲವು ಹಾದಿಯಲ್ಲಿಯೇ ಬೀಳುತ್ತದೆ. ಖಿದ್ರಾಪುರವನ್ನೊಪ್ಪಿದರೆ ಆಕ್ಷೇಪಕ್ಕೆ ನೆಲೆಯಿರುವುದಿಲ್ಲ.

ಚೋಳ ಪ್ರಶಸ್ತಿಗಳ ಒಂದು ಸ್ವಭಾವವನ್ನು ಇಲ್ಲಿ ಹೇಳಬೇಕು. ಆಹವಮಲ್ಲನು ಕೂಡಲದಲ್ಲಿ ಯುದ್ಧಕ್ಕೆ ಕರೆದು ತಾನೇ ಬರಲಿಲ್ಲವೆಂದು ವೀರರಾಜೇಂದ್ರನ ಶಾಸನವು ಹೀಯಾಳಿಸುತ್ತದೆ. ಚಾಲುಕ್ಯ ಶಾಸನಗಳನ್ನು ನೋಡಿದರೆ ಅವನು 1068ರ ಚೈತ್ರದಲ್ಲಿ ಕುರುವತ್ತಿಯಲ್ಲಿ ತುಂಗಭದ್ರೆಗೆ ದೇಹವನ್ನರ್ಪಿಸಿದನು. ಅದು ಅಸಾಧ್ಯ ಜ್ವರದಿಂದಾದುದೆಂದು ಬಿಲ್ಹಣನು ಹೇಳುತ್ತಾನೆ. ರೋಗಪೀಡಿತನು ಪ್ರಶಸ್ತಿಯಲ್ಲಿ ಹೇಡಿಯಾದನು. ಪ್ರಶಸ್ತಿಕಾರನಿಂದ ಘಟನೆಯನ್ನು ತೆಗೆದುಕೊಳ್ಳಬಹುದು, ಕಾರಣವನ್ನಲ್ಲ. ಚೋಳನು ಧರ್ಮದ್ವೇಷದಿಂದಲೇ ಬಸದಿಗಳನ್ನು ಸುಟ್ಟನೆಂಬ ನಮ್ಮ ಶಾಸನದ ಮಾತಿಗೂ ಇದೇ ಅಳತೆಗೋಲು ಸಲ್ಲಬೇಕು. ಅರಮನೆಗಳನ್ನೂ ರಾಜಧಾನಿಯನ್ನೂ ಅವನು ಹಾಗೆಯೇ ಸುಟ್ಟಿದ್ದನು.

ಹೀಗೆ ಅಣ್ಣಿಗೆರೆಯ ಬಸದಿಯ ದಹನವು 1053-54ರಲ್ಲಿ, ಕೊಪ್ಪಂ ಯುದ್ಧಕ್ಕೆ ಸ್ವಲ್ಪ ಮುಂಚೆ ನಡೆಯಿತೆಂದು ಹೇಳಬಹುದು. ಅಲ್ಲಿಂದ ಲಕ್ಷ್ಮರಸನ ದತ್ತಿಗೆ ಸುಮಾರು 17 ವರ್ಷ. ಬೆಂಕಿಯನ್ನು ಕಣ್ಣಾರೆ ಕಂಡವರು ಜೀರ್ಣೋದ್ಧಾರದ ದಿನ ಅಣ್ಣಿಗೆರೆಯಲ್ಲಿ ಇನ್ನೂ ಬದುಕಿದ್ದಿರಬೇಕು.